ಚಿಪ್ಪಿಕಲ್ಲಿನ ಗುಟ್ಟು, ನ್ಯೂಟ್ರಾನಿನ ಸಾಕ್ಷಿ

ಕುಮಟಾ ತಾಲ್ಲೂಕಿನ ತದಡಿ, ಮಿರ್ಜಾನ, ಕಾಗಾಲ, ಮಾಸೂರುಗಳ ನಡುವೆ ಹರಡಿಕೊಂಡಿರುವ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತೆಂದರೆ ಸಂತೆ ನೆರೆದಂತೆ. ಮೊಣಕಾಲುದ್ದ, ಸೊಂಟದುದ್ದ ನೀರಿನಲ್ಲಿ ನಿಂತ ಹೆಂಗಸರು, ಗಂಡಸರು ಕಾಲಿನಿಂದ ಮರಳನ್ನು ತಡವಿ, ಕೈಯಿಂದ ಗೋರಿ ಚಿಪ್ಪಿಕಲ್ಲುಗಳನ್ನು ಆಯುತ್ತಾರೆ. ಬಳಚು, ಖುಬ್ಬೆ ಎಂದು ಕೇರಿಗೊಂದು ಹೆಸರಿರುವ ಈ ಜೀವಿಯ ಮಾಂಸ ತೆಂಗಿನಕಾಯಿ ಮಸಾಲೆಯೊಂದಿಗೆ ಊಟದ ಬಟ್ಟಲಿಗೆ, ಚಿಪ್ಪು ಸುಣ್ಣದ ಗೂಡಿಗೆ. ಸುಮಾರು 120 ಕಿಲೋಮೀಟರ್ ಹರಿದರೂ ದಾರಿಯಲ್ಲಿ ಒಂದೇ ಒಂದು ದೊಡ್ಡ ಅಣೆಕಟ್ಟೆಯನ್ನು ಕಾಣದ ನದಿ ಅಘನಾಶಿನಿ. ಅದರ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಮೀನುಗಾರಿಕೆ, ಚಿಪ್ಪಿಕಲ್ಲು, ಗಜನಿ ಗದ್ದೆ, ಉಪ್ಪು ಇವುಗಳಿಂದ 6000ದಿಂದ 7500 ಕುಟುಂಬಗಳು ಬದುಕುತ್ತಿವೆ ಎಂದು ಆಗ ಕೇಂದ್ರ ಸರ್ಕಾರ ಹೇಳಿತ್ತು.

ಚಿಪ್ಪಿಕಲ್ಲಿಗೆ ಬೇಟೆಯಾಡಿ ತಿನ್ನುವ ಅಭ್ಯಾಸವಿಲ್ಲ. ಕುಳಿತಲ್ಲೇ ಕುಳಿತು ನೀರನ್ನು ಒಳಗೆಳೆದುಕೊಂಡು, ಸೋಸಿ, ಹೊರಬಿಡುವುದೇ ಅದರ ದಿನಚರಿ. ಗಂಟೆಗೆ ಲೀಟರುಗಳ ಲೆಕ್ಕದಲ್ಲಿ ನೀರು ಅದರ ಕಿವಿರುಗಳ ಮೂಲಕ ಹಾಯುತ್ತದೆ. ನೀರಿನಲ್ಲಿ ತೇಲುವ ಸಣ್ಣ ಪಾಚಿಕಣಗಳು ಅದಕ್ಕೆ ಆಹಾರ. ಆದರೆ ಪಾಚಿಯ ಜೊತೆಗೆ ಬಂದದ್ದನ್ನೂ ಅದು ಬೇಡವೆನ್ನಲಾರದು. ಸತು, ತಾಮ್ರ, ಸೆಲೆನಿಯಂಗಳಂತಹ ದೇಹಕ್ಕೆ ಬೇಕಾದವೂ ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್‌ಗಳಂತಹ ಬೇಡವಾದವೂ ಅದರ ಮೈಯಲ್ಲಿ ಕೂಡಿಕೊಳ್ಳುತ್ತವೆ. ನೀರನ್ನು ಪರೀಕ್ಷಿಸಿದರೆ ಆ ಗಳಿಗೆಯ ಸ್ಥಿತಿ ಮಾತ್ರ ತಿಳಿಯುತ್ತದೆ. ಚಿಪ್ಪಿಕಲ್ಲನ್ನು ಪರೀಕ್ಷಿಸಿದರೆ ಹಲವು ತಿಂಗಳ ಜಮಾಖರ್ಚು ತಿಳಿಯುತ್ತದೆ. ಇದನ್ನರಿತೇ ಅಮೆರಿಕದ ಸಾಗರವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ, ಜಗತ್ತಿನ ಕರಾವಳಿಗಳನ್ನು ಕಾಯಲು ಚಿಪ್ಪಿಕಲ್ಲುಗಳನ್ನೇ ಪಹರೆಗೆ ನಿಲ್ಲಿಸಬೇಕೆಂದು ಸೂಚಿಸಿದರು.

ಹಾಗಾದರೆ ಒಂದು ಹಿಡಿ ಮಾಂಸದಲ್ಲಿ ಯಾವ ಧಾತು ಎಷ್ಟಿದೆ ಎಂಬುದನ್ನು ಕಂಡುಹಿಡಿಯುವುದು ಹೇಗೆ? ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಪ್ರೌಢಶಾಲೆಯ ಪ್ರಯೋಗಾಲಯದ ಪ್ರನಾಳಕ್ಕೂ ಅದು ನಿಲುಕದು.

ಹತ್ತು ಕ್ವಿಂಟಲಿನಲ್ಲಿ ಒಂದು ಗ್ರಾಂ

ಇಲ್ಲಿ ಅಳತೆಯ ಮಾನ ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಹತ್ತು ಕ್ವಿಂಟಲ್ ಅಕ್ಕಿಯ ರಾಶಿಯಲ್ಲಿ ಒಂದು ಗ್ರಾಂ, ಎಂದರೆ ಸುಮಾರು ಐವತ್ತು ಕಾಳು, ಬೇರೆ ಬಣ್ಣದ್ದಾಗಿದ್ದರೆ ಅದು ಒಂದು ಪಿಪಿಎಂ. ಅದಕ್ಕಿಂತ ಸಾವಿರ ಪಟ್ಟು ಚಿಕ್ಕದು ಪಿಪಿಬಿ: ತಲಾ ಹತ್ತು ಟನ್ ಹೊತ್ತ ನೂರು ಲಾರಿಗಳ ಅಕ್ಕಿಯಲ್ಲಿ ಅದೇ ಐವತ್ತು ಕಾಳು.

ಇಷ್ಟು ಅಲ್ಪ ಪ್ರಮಾಣದಲ್ಲಿದ್ದೂ ದೇಹದ ಆಗುಹೋಗುಗಳನ್ನು ನಿರ್ಧರಿಸುವ ವಸ್ತುಗಳಿಗೆ ಲೇಶಧಾತುಗಳೆಂದು ಹೆಸರು. ವಯಸ್ಕ ಮನುಷ್ಯನ ಮೈಯಲ್ಲಿರುವ ಸತು ಎರಡು ಮೂರು ಗ್ರಾಂ ಅಷ್ಟೇ. ಅದು ಕಡಿಮೆಯಾದರೆ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಅಯೋಡಿನ್ 15ರಿಂದ 20 ಮಿಲಿಗ್ರಾಂ ಮಾತ್ರ. ಅದೂ ಬಹುಪಾಲು ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲೇ. ಬಸುರಿಯ ಆಹಾರದಲ್ಲಿ ಅದರ ತೀವ್ರ ಕೊರತೆಯಾದರೆ ಹುಟ್ಟುವ ಮಗುವಿನ ಬುದ್ಧಿಯ ಬೆಳವಣಿಗೆಗೇ ಪೆಟ್ಟು. ಸೆಲೆನಿಯಂ ಇನ್ನೂ ವಿಚಿತ್ರದ್ದು. ಕಡಿಮೆಯಾದರೂ ರೋಗ, ಕೊಂಚ ಹೆಚ್ಚಾದರೂ ವಿಷ. ಹೀಗಿರುವಾಗ ಅಳತೆಯಲ್ಲಿ ಒಂದು ಸೊನ್ನೆ ತಪ್ಪಿದರೂ ಪಥ್ಯದ ಜಾಗದಲ್ಲಿ ಅಪಥ್ಯ ಬಂದು ಕೂರುತ್ತದೆ.

ಈ ಅಳತೆಗೆ ಬಹುಕಾಲ ನೆಚ್ಚಿನ ಸಾಧನವಾಗಿದ್ದದ್ದು, ಇಂದಿಗೂ ಬೇರೆ ವಿಧಾನಗಳನ್ನು ಒರೆಗೆ ಹಚ್ಚಲು ಬಳಕೆಯಲ್ಲಿರುವುದು, ನ್ಯೂಟ್ರಾನ್ ಸಕ್ರಿಯಣ ವಿಶ್ಲೇಷಣೆ. ಹೆಸರು ಉದ್ದವಾದರೂ ತತ್ವ ಸರಳ. ವಸ್ತುವಿಗೆ ನ್ಯೂಟ್ರಾನುಗಳನ್ನು ಉಣಿಸಿ, ಅದು ಕೊಂಚ ಕಾಲ ವಿಕಿರಣ ಸೂಸುವಂತೆ ಮಾಡಿ, ಆ ವಿಕಿರಣದ ಗುರುತಿನಿಂದ ಒಳಗೆ ಯಾರು ಯಾರಿದ್ದಾರೆಂದು ಪತ್ತೆ ಹಚ್ಚುವುದು.

ಮನೆಯೊಡತಿ ಮತ್ತು ವಿಜ್ಞಾನಿ

ಇದರ ಮೂಲಪುರುಷ ಹಂಗೇರಿಯ ಜಾರ್ಜ್ ಹೆವೆಸಿ. ಆತನ ಬಗ್ಗೆ ಒಂದು ಪ್ರಸಿದ್ಧ ಕಥೆಯುಂಟು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರ ಬಳಿ ಕೆಲಸ ಕಲಿಯುತ್ತಿದ್ದಾಗ ಆತ ಊಟ ಮಾಡುತ್ತಿದ್ದ ವಸತಿಗೃಹದ ಒಡತಿ, ತಟ್ಟೆಯಲ್ಲಿ ಉಳಿದ ಮಾಂಸವನ್ನೇ ಮರುದಿನ ಬೇರೆ ರೂಪದಲ್ಲಿ ಬಡಿಸುತ್ತಾಳೆಂಬ ಅನುಮಾನ ಆತನಿಗೆ. ಕೇಳಿದರೆ ಆಕೆ ಒಪ್ಪುವಳೇ? ಒಂದು ದಿನ ಉಳಿದ ಮಾಂಸಕ್ಕೆ ಲೇಶಮಾತ್ರ ವಿಕಿರಣಶೀಲ ವಸ್ತುವನ್ನು ಬೆರೆಸಿಟ್ಟ. ಕೆಲ ದಿನಗಳ ಬಳಿಕ ಬಂದ ಭಕ್ಷ್ಯದ ಬಳಿ ಉಪಕರಣ ಹಿಡಿದಾಗ ಗುಟ್ಟು ರಟ್ಟಾಯಿತು. ಇಂದಿನ ಯಾವ ವಿದ್ಯಾರ್ಥಿಯೂ ಅನುಕರಿಸಬಾರದ ಪ್ರಯೋಗ ಇದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದೇ ಹೆವೆಸಿ 1936ರಲ್ಲಿ ಕೋಪನ್‌ಹೇಗನ್‌ನ ನೀಲ್ಸ್ ಬೋರ್ ಸಂಸ್ಥೆಯಲ್ಲಿ ಹಿಲ್ಡೆ ಲೆವಿ ಎಂಬ ಯುವ ವಿಜ್ಞಾನಿಯೊಂದಿಗೆ ವಿರಳ ಭಸ್ಮ ಧಾತುಗಳನ್ನು ಪರೀಕ್ಷಿಸುತ್ತಿದ್ದ. ರಸಾಯನ ವಿಧಾನಗಳಿಂದ ಇವನ್ನು ಒಂದರಿಂದ ಒಂದು ಬೇರ್ಪಡಿಸುವುದು ಆಗ ಹರಸಾಹಸ. ರೇಡಿಯಂ ಮತ್ತು ಬೆರಿಲಿಯಂ ಬೆರೆಸಿ ಮಾಡಿದ ನ್ಯೂಟ್ರಾನ್ ಆಕರದ ಬಳಿ ಇವನ್ನಿಟ್ಟಾಗ ಡಿಸ್ಪ್ರೋಸಿಯಂ ಎಂಬ ಧಾತು ಮಾತ್ರ ಬಹಳ ಜೋರಾಗಿ ವಿಕಿರಣ ಸೂಸಿತು. ಬೇರೆ ಧಾತುವಿನಲ್ಲಿ ಡಿಸ್ಪ್ರೋಸಿಯಂ ಕಲಬೆರಕೆಯಾಗಿದ್ದರೆ ಅದನ್ನು ಬೇರ್ಪಡಿಸದೆಯೇ ಅಳೆಯಬಹುದೆಂದು ಆ ಇಬ್ಬರಿಗೂ ಹೊಳೆಯಿತು. ನ್ಯೂಟ್ರಾನ್ ಪತ್ತೆಯಾಗಿ ಆಗ ನಾಲ್ಕೇ ವರ್ಷ ಕಳೆದಿತ್ತು!

ಆದರೆ ರೇಡಿಯಂ-ಬೆರಿಲಿಯಂ ಆಕರ ಸೂಸುವ ನ್ಯೂಟ್ರಾನುಗಳು ಕಡಿಮೆ. ವಿಧಾನಕ್ಕೆ ನಿಜವಾದ ಬಲ ಬಂದದ್ದು ಪರಮಾಣು ಸ್ಥಾವರಗಳು ಬಂದ ಮೇಲೆ. ನಮ್ಮ ದೇಶದಲ್ಲಿ ಆ ಸೌಲಭ್ಯ 1956ರ ಆಗಸ್ಟ್ 4ರಂದು ಮುಂಬಯಿಯ ಟ್ರಾಂಬೆಯಲ್ಲಿ ಚಾಲನೆಗೊಂಡ 'ಅಪ್ಸರಾ'ದೊಂದಿಗೆ ಬಂತು. ಹೋಮಿ ಭಾಭಾರ ನೇತೃತ್ವದ ಆ ಕಾಲದ ತಂಡದಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರೂ ಇದ್ದರು. ಬಳಿಕ 1960ರಲ್ಲಿ 'ಸೈರಸ್', 1985ರಲ್ಲಿ 'ಧ್ರುವ' ಬಂದವು. ಸೈರಸ್ 2010ರ ಕೊನೆಯಲ್ಲಿ ಶಾಶ್ವತವಾಗಿ ನಿಂತಿತು. ಹಳೆಯ ಅಪ್ಸರಾ ಹೊಸ ರೂಪ ತಾಳಿ 2018ರ ಸೆಪ್ಟೆಂಬರಿನಲ್ಲಿ ಮತ್ತೆ ಆರಂಭವಾಯಿತು. ಇವೆಲ್ಲ ವಿದ್ಯುತ್ ತಯಾರಿಸುವ ಸ್ಥಾವರಗಳಲ್ಲ. ಸಂಶೋಧನೆಗೆ ಮತ್ತು ಐಸೊಟೋಪುಗಳಿಗೆ ಬೇಕಾದ ನ್ಯೂಟ್ರಾನನ್ನು ಒದಗಿಸುವಂಥವು.

ಒಂದು ನ್ಯೂಟ್ರಾನ್ ಹೆಚ್ಚಾದಾಗ

ಮ್ಯಾಂಗನೀಸನ್ನು ಉದಾಹರಣೆಗೆ ತೆಗೆದುಕೊಳ್ಳಿ. ನಿಸರ್ಗದ ಎಲ್ಲ ಮ್ಯಾಂಗನೀಸ್ ಪರಮಾಣುಗಳ ಬೀಜಕೇಂದ್ರದಲ್ಲೂ 25 ಪ್ರೋಟಾನ್, 30 ನ್ಯೂಟ್ರಾನ್, ಒಟ್ಟು 55. ಸ್ಥಾವರದೊಳಗಿನ ನಿಧಾನಗತಿಯ ನ್ಯೂಟ್ರಾನೊಂದು ಬಂದು ಈ ಕೇಂದ್ರದೊಳಗೆ ಸೇರಿಕೊಂಡರೆ ಅದು ಮ್ಯಾಂಗನೀಸ್-56 ಆಗುತ್ತದೆ. ಇದಕ್ಕೆ ಸ್ಥಿರತೆಯಿಲ್ಲ. ಒಂದು ಬೀಟಾ ಕಣವನ್ನು ಹೊರದೂಡಿ ಕಬ್ಬಿಣ-56 ಆಗುತ್ತದೆ; ಜೊತೆಗೆ ಗಾಮಾ ಕಿರಣವನ್ನೂ ಬಿಡುತ್ತದೆ. ಆ ಗಾಮಾ ಕಿರಣಗಳಲ್ಲಿ ಪ್ರಮುಖವಾದದ್ದರ ಶಕ್ತಿ 847 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅದರ ಅರ್ಧಾಯು, ಅಂದರೆ ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಕರಗಲು ಹಿಡಿಯುವ ಕಾಲ, ಸುಮಾರು 2 ಗಂಟೆ 35 ನಿಮಿಷ. ಈ ಎರಡು ಸಂಖ್ಯೆಗಳೂ ಒಟ್ಟಿಗೆ ಹೊಂದಿದರೆ ಅದು ಮ್ಯಾಂಗನೀಸೇ ಎಂದು ಖಚಿತವಾಗಿ ಹೇಳಬಹುದು. ಹೆಬ್ಬೆಟ್ಟಿನ ಗುರುತೂ ಇಷ್ಟು ನಿಚ್ಚಳವಲ್ಲ.

ಇಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವಿದೆ. ಮ್ಯಾಂಗನೀಸ್ ಯಾವ ಸಂಯುಕ್ತದಲ್ಲಿದೆ, ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ ಎಂಬುದನ್ನೆಲ್ಲ ನ್ಯೂಟ್ರಾನ್ ಕೇಳುವುದೇ ಇಲ್ಲ. ಅದು ನೇರವಾಗಿ ಬೀಜಕೇಂದ್ರದೊಡನೆ ವ್ಯವಹರಿಸುತ್ತದೆ. ಹಾಗಾಗಿ ಮಾದರಿಯನ್ನು ಆಮ್ಲದಲ್ಲಿ ಕರಗಿಸುವ ಗೊಡವೆ ಸಾಮಾನ್ಯವಾಗಿ ಇಲ್ಲ. ಆಮ್ಲದಿಂದಲೇ ಕಲ್ಮಶ ಸೇರಿಕೊಳ್ಳುವ ಭಯವೂ ಇಲ್ಲ. ವಿಧಾನದ ದೊಡ್ಡ ಬಲ ಇದು. ಅದರ ದೊಡ್ಡ ದೌರ್ಬಲ್ಯವೂ ಇದೇ.

ಮೂರು ಅಳಿವೆ, ಒಂದು ಪ್ರಶ್ನೆ

ಭಟ್ಕಳ ತಾಲ್ಲೂಕಿನ ಶಿರಾಲಿ ಬಳಿಯ ವೆಂಕಟಾಪುರ ಹೊಳೆ, ಹೊನ್ನಾವರದ ಶರಾವತಿ, ಕುಮಟೆಯ ಅಘನಾಶಿನಿ, ಈ ಮೂರೂ ಅಳಿವೆಗಳ ಚಿಪ್ಪಿಕಲ್ಲನ್ನು ಹೋಲಿಸಬೇಕೆಂದು ಒಬ್ಬ ಸಂಶೋಧಕ ಹೊರಟಿದ್ದಾನೆಂದು ಭಾವಿಸೋಣ. ಮೂರು ಚೀಲ ಚಿಪ್ಪಿಕಲ್ಲು ಕೊಂಡು ರೈಲು ಹತ್ತಿದರೆ ಕೆಲಸ ಕೆಟ್ಟಂತೆ. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆ ಬಂತು, ಮುಂದೆ ಗೇರುಸೊಪ್ಪೆಯದೂ ಬಂತು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಇಳಿಯುವುದರಿಂದ ಅಲ್ಲಿ ಉಪ್ಪಿನಂಶ ಅಘನಾಶಿನಿಯಷ್ಟು ಏರುವುದಿಲ್ಲ. ನೀರಿನಲ್ಲಿ ಉಪ್ಪು ಕಡಿಮೆಯಾದಾಗ ಚಿಪ್ಪಿಕಲ್ಲು ಕ್ಯಾಡ್ಮಿಯಮ್ಮನ್ನು ಹೆಚ್ಚು ಹೀರುತ್ತದೆ. ಕ್ಯಾಡ್ಮಿಯಂ ಅಷ್ಟೇ ಇದ್ದರೂ ಮೈಯಲ್ಲಿ ಸೇರುವ ಪ್ರಮಾಣ ಬೇರೆಯಾಗುತ್ತದೆ. ಇದರ ಜೊತೆಗೆ ಜಾತಿ, ವಯಸ್ಸು, ಗಾತ್ರ, ಮಳೆಗಾಲವೋ ಬೇಸಿಗೆಯೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದೇ ಜಾತಿ, ಒಂದೇ ಅಳತೆಯ ಚಿಪ್ಪು, ಒಂದೇ ವಾರ, ಪ್ರತಿ ಜಾಗದ ನೀರಿನ ಉಪ್ಪಿನಂಶದ ದಾಖಲೆ, ಇಷ್ಟಿದ್ದರೆ ಮಾತ್ರ ಹೋಲಿಕೆಗೆ ಅರ್ಥ.

ತಂದ ಚಿಪ್ಪಿಕಲ್ಲನ್ನು ಮೊದಲು ಶುದ್ಧ ಕಡಲನೀರಿನಲ್ಲಿ ಒಂದೆರಡು ದಿನ ಬಿಡಬೇಕು. ಹೊಟ್ಟೆಯೊಳಗಿನ ಕೆಸರು ಹೊರಹೋಗಲೆಂದು. ಉತ್ತರ ಕನ್ನಡದ ಕರಾವಳಿ ಜಂಬಿಟ್ಟಿಗೆಯ ನಾಡು. ಆ ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಹೇರಳ. ಚಿಟಿಕೆ ಕೆಸರು ಉಳಿದರೂ ಮಾಂಸದಲ್ಲಿ ಕಬ್ಬಿಣ ಉಕ್ಕುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಈ ಮೋಸವನ್ನು ಹಿಡಿಯಲು ಒಂದು ಜಾಣ ಉಪಾಯವಿದೆ. ಮಣ್ಣಿನಲ್ಲಿ ಇದ್ದೇ ಇರುವ, ಆದರೆ ಜೀವಿಗಳ ಮಾಂಸದಲ್ಲಿ ಅತ್ಯಲ್ಪವಾಗಿರುವ ಸ್ಕ್ಯಾಂಡಿಯಂ ಎಂಬ ಧಾತುವನ್ನು ನ್ಯೂಟ್ರಾನ್ ವಿಧಾನ ಬಹಳ ಸಲೀಸಾಗಿ ಗುರುತಿಸುತ್ತದೆ. ಸ್ಕ್ಯಾಂಡಿಯಂ ಎದ್ದು ಕಂಡರೆ ಕೆಸರು ಹೋಗಿಲ್ಲವೆಂದೇ ಅರ್ಥ.

ಮಾಂಸವನ್ನು ಬಿಡಿಸುವ ಚಾಕು ಸ್ಟೀಲಿನದಾಗಿರಬಾರದು. ಅದರಿಂದ ಕ್ರೋಮಿಯಂ, ನಿಕಲ್, ಕೋಬಾಲ್ಟ್ ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್ಕಿನದೋ ಟೈಟಾನಿಯಮ್ಮಿನದೋ ಆಗಬೇಕು. ಮಾಂಸವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ, ಅಗೇಟ್ ಕಲ್ಲಿನ ಖಲ್ಲಿನಲ್ಲಿ ಅರೆದು ಪುಡಿ ಮಾಡುತ್ತಾರೆ. ಅದರಲ್ಲಿ ಪರೀಕ್ಷೆಗೆ ಬೇಕಾದದ್ದು 50ರಿಂದ 100 ಮಿಲಿಗ್ರಾಂ ಮಾತ್ರ. ನಶ್ಯದ ಚಿಟಿಕೆಯಷ್ಟು! ಅದರ ಪಕ್ಕದಲ್ಲೇ, ಯಾವ ಧಾತು ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಪ್ರಮಾಣಿತ ಪುಡಿಯೊಂದನ್ನೂ ಇಡುತ್ತಾರೆ. ಎರಡಕ್ಕೂ ಒಂದೇ ನ್ಯೂಟ್ರಾನ್ ಸ್ನಾನ, ಆಮೇಲೆ ಹೋಲಿಕೆ. ಇಂಥ ಪುಡಿಗಳ ಇತಿಹಾಸವೂ ಸ್ವಾರಸ್ಯಕರ. ಬ್ರಿಟಿಷ್ ರಸಾಯನವಿಜ್ಞಾನಿ ಬೋವೆನ್ 1960ರ ದಶಕದಲ್ಲಿ ಕೇಲ್ ಎಂಬ ಸೊಪ್ಪನ್ನು ಬೆಳೆಸಿ, ಒಣಗಿಸಿ, ಪುಡಿ ಮಾಡಿ ಪ್ರಪಂಚದ ಪ್ರಯೋಗಾಲಯಗಳಿಗೆ ಹಂಚಿದರು. ಎಲ್ಲರೂ ಒಂದೇ ಸೊಪ್ಪನ್ನು ಅಳೆದಾಗ ಯಾರ ತಕ್ಕಡಿ ಸರಿ, ಯಾರದು ಡೊಂಕು ಎಂಬುದು ಬಯಲಾಯಿತು. ಚಿಪ್ಪಿಕಲ್ಲಿಗೆ ಹೊಂದುವ ಪ್ರಮಾಣಿತ ಪುಡಿಯೂ ಉಂಟು. ಅದನ್ನು ಅಮೆರಿಕದ ಮಾನಕ ಸಂಸ್ಥೆ ಸಿಂಪಿಯ ಮಾಂಸದಿಂದ ತಯಾರಿಸಿದೆ.

ಉಪ್ಪಿನ ಗದ್ದಲ

ಈಗ ಪುಡಿ ಸ್ಥಾವರದೊಳಗೆ ಹೋಗುತ್ತದೆ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೂಲಕ ಸೆಕೆಂಡಿಗೆ ಒಂದು ಲಕ್ಷ ಕೋಟಿಯಿಂದ ಹತ್ತು ಲಕ್ಷ ಕೋಟಿ ನ್ಯೂಟ್ರಾನುಗಳು ಹಾಯುತ್ತಿರುತ್ತವೆ. ಬೇಗ ಕರಗುವ ಧಾತುಗಳಿಗಾಗಿ ಗಾಳಿಯ ಒತ್ತಡದ ಕೊಳವೆಯಲ್ಲಿ ಒಂದು ನಿಮಿಷ ಕಳುಹಿಸಿ ವಾಪಸು ತರಿಸಿಕೊಳ್ಳುತ್ತಾರೆ. ನಿಧಾನ ಕರಗುವವಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒಳಗಿಡುತ್ತಾರೆ. ಹೊರಬಂದ ಮೇಲೆ ಸೀಸದ ಗೋಡೆಯ ಮರೆಯಲ್ಲಿ, ದ್ರವ ನೈಟ್ರೋಜನ್ನಿನಿಂದ ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ ತಣಿಸಿದ ಜರ್ಮೇನಿಯಂ ಹರಳಿನ ಮುಂದೆ ಅದನ್ನಿಡುತ್ತಾರೆ. ಹರಳು ಪ್ರತಿ ಗಾಮಾ ಕಿರಣದ ಶಕ್ತಿಯನ್ನು ಗುರುತಿಸಿ ಎಣಿಸುತ್ತದೆ.

ಎಣಿಕೆ ಆರಂಭವಾದೊಡನೆ ತೆರೆಯ ಮೇಲೆ ಕಾಣುವುದೇನು? ಕಡಲ ಜೀವಿಯಲ್ಲವೇ, ಬರೀ ಸೋಡಿಯಂ! ಉಪ್ಪಿನ ಸೋಡಿಯಂ ನ್ಯೂಟ್ರಾನ್ ಹೀರಿ ಸೋಡಿಯಂ-24 ಆಗಿ ಅಬ್ಬರಿಸುತ್ತದೆ. ಜಾತ್ರೆಯ ಧ್ವನಿವರ್ಧಕದ ಪಕ್ಕದಲ್ಲಿ ಪಿಸುಮಾತು ಕೇಳಿಸಿಕೊಳ್ಳುವಂತಹ ಪರಿಸ್ಥಿತಿ. ಇದಕ್ಕೆ ಮದ್ದು ಕಾಯುವುದು. ಸೋಡಿಯಂ-24ರ ಅರ್ಧಾಯು 15 ಗಂಟೆ. ಹತ್ತು ದಿನವೆಂದರೆ 240 ಗಂಟೆ, ಅಂದರೆ 16 ಅರ್ಧಾಯುಗಳು. ಒಂದನ್ನು ಎರಡರಿಂದ ಹದಿನಾರು ಸಲ ಗುಣಿಸುತ್ತಾ ಹೋದವರು ಹೇಳುವಂತೆ, ಸದ್ದು 65,536ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸತುವಿನಿಂದ ಹುಟ್ಟಿದ ಸತು-65ರ ಅರ್ಧಾಯು 244 ದಿನವಾದ್ದರಿಂದ ಹತ್ತು ದಿನದ ಬಳಿಕವೂ ಅದು ನೂರಕ್ಕೆ 97ರಷ್ಟು ಉಳಿದೇ ಇರುತ್ತದೆ. ಹೀಗೆ ಸುಮ್ಮನೆ ಕಾಯುವುದರಿಂದಲೇ ಸತು, ಸೆಲೆನಿಯಂ, ಕೋಬಾಲ್ಟ್, ಕಬ್ಬಿಣ ಒಂದೊಂದಾಗಿ ಬೆಳಕಿಗೆ ಬರುತ್ತವೆ.

ಆರ್ಸೆನಿಕ್ ವಿಷಯದಲ್ಲಿ ಮಾತ್ರ ಈ ತಾಳ್ಮೆ ಕೈಕೊಡುತ್ತದೆ. ಆರ್ಸೆನಿಕ್-76ರ ಅರ್ಧಾಯು ಸುಮಾರು 26 ಗಂಟೆ. ಸೋಡಿಯಂ ಸದ್ದಡಗಲೆಂದು ಹತ್ತು ದಿನ ಕಾದರೆ ಇದೂ ಐನೂರು ಪಟ್ಟಿಗೂ ಹೆಚ್ಚು ಕುಗ್ಗಿರುತ್ತದೆ. ಆದ್ದರಿಂದ ಆರ್ಸೆನಿಕ್ ಬೇಕಾದವರು ಕಾಯದೆ ಮಾದರಿಯನ್ನು ಕರಗಿಸಿ, ಸೋಡಿಯಮ್ಮನ್ನು ಮಾತ್ರ ಹಿಡಿದಿಟ್ಟುಕೊಳ್ಳುವ ಆಂಟಿಮನಿಯ ಒಂದು ಆಕ್ಸೈಡಿನ ಮೂಲಕ ಸೋಸುತ್ತಾರೆ. ಪಾದರಸದ್ದು ಬೇರೆಯೇ ತಕರಾರು. ಪಾದರಸ-203 ಬಿಡುವ ಗಾಮಾ ಕಿರಣದ ಶಕ್ತಿ 279 ಕಿಲೋ ಎಲೆಕ್ಟ್ರಾನ್ ವೋಲ್ಟ್. ಸೆಲೆನಿಯಂ-75 ಬಿಡುವ ಹಲವು ಕಿರಣಗಳಲ್ಲಿ ಒಂದರ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಮೀನಿನಲ್ಲಿ ಎರಡೂ ಧಾತುಗಳಿರುತ್ತವೆ. ಸೆಲೆನಿಯಂ ಬಿಡುವ ಬೇರೆ ಕಿರಣಗಳನ್ನು ಎಣಿಸಿ, ಅದರ ಪಾಲನ್ನು ಕಳೆದು ಪಾದರಸದ ಲೆಕ್ಕ ತೆಗೆಯಬೇಕು. ಆ ವ್ಯವಕಲನ ಮರೆತವನ ಪಟ್ಟಿಯಲ್ಲಿ ಎಲ್ಲ ಮೀನೂ ವಿಷವೇ.

ಸಂಖ್ಯೆ ಹೇಳದೆ ಬಿಡುವುದು

ಇಷ್ಟೆಲ್ಲ ಶ್ರಮದ ಬಳಿಕ ಕೈಗೆ ಬರುವುದು ಒಂದು ಸಂಖ್ಯೆ. ಅದನ್ನು ಓದುವಾಗಲೇ ಎಡವುವವರು ಹೆಚ್ಚು. 'ಚಿಪ್ಪಿಕಲ್ಲಿನಲ್ಲಿ ಆರ್ಸೆನಿಕ್' ಎಂಬ ಒಂದು ಸಾಲು ಸುದ್ದಿಯಾದರೆ ಸಾಕು, ಮರುದಿನ ಪೇಟೆಯಲ್ಲಿ ಬುಟ್ಟಿ ಬುಟ್ಟಿ ಮಾಲು ಉಳಿಯುತ್ತದೆ. ಇಳಿತದ ನೀರಿನಲ್ಲಿ ನಿಂತು ಆಯ್ದವರ ಒಲೆ ಉರಿಯುವುದಿಲ್ಲ. ಆದರೆ ನ್ಯೂಟ್ರಾನ್ ಹೇಳಿದ್ದು ಒಟ್ಟು ಆರ್ಸೆನಿಕ್ ಎಷ್ಟೆಂದು ಮಾತ್ರ. ಕಡಲ ಜೀವಿಗಳಲ್ಲಿ ಅದರ ಬಹುಪಾಲು ಆರ್ಸೆನೋಬೀಟೇನ್ ಎಂಬ ಸಾವಯವ ರೂಪದಲ್ಲಿರುತ್ತದೆ. ತಿಂದವರ ಮೂತ್ರದಲ್ಲಿ ಅದು ಹಾಗೆಯೇ ಹೊರಹೋಗುತ್ತದೆ, ಅಪಾಯಕಾರಿಯಲ್ಲ. ಪಶ್ಚಿಮ ಬಂಗಾಳದ ಕೊಳವೆಬಾವಿಗಳಲ್ಲಿ, ನಮ್ಮಲ್ಲೇ ರಾಯಚೂರು, ಯಾದಗಿರಿ ಕಡೆಯ ಕೆಲವು ಊರುಗಳ ಅಂತರ್ಜಲದಲ್ಲಿ ಕಾಣಿಸಿಕೊಂಡ ನಿರವಯವ ಆರ್ಸೆನಿಕ್ ಮಾತ್ರ ನಿಜವಾದ ಪಾಷಾಣ. ಬೀಜಕೇಂದ್ರದ ಮಟ್ಟದಲ್ಲಿ ಎರಡೂ ಒಂದೇ ಆದ್ದರಿಂದ ನ್ಯೂಟ್ರಾನಿಗೆ ಭೇದ ತಿಳಿಯದು.

ಪಾದರಸದಲ್ಲಿ ಇದು ತಿರುಗುಮುರುಗು. ಅಲ್ಲಿ ಸಾವಯವ ರೂಪವಾದ ಮೀಥೈಲ್ ಪಾದರಸವೇ ಘಾತಕ. ಜಪಾನಿನ ಮಿನಮಾಟಾ ಕೊಲ್ಲಿಗೆ ಕಾರ್ಖಾನೆಯೊಂದು ಬಿಟ್ಟ ತ್ಯಾಜ್ಯದಿಂದ ಮೀನು, ಚಿಪ್ಪಿಕಲ್ಲುಗಳಲ್ಲಿ ಸೇರಿದ ಈ ವಿಷ ತಿಂದವರ ನರಮಂಡಲವನ್ನೇ ಹಾಳುಗೆಡವಿತು. ಆ ರೋಗ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ, ನಮ್ಮ ಅಪ್ಸರಾ ಹುಟ್ಟಿದ ವರ್ಷ. ದೊಡ್ಡ ಮೀನು ಚಿಕ್ಕದನ್ನು ತಿನ್ನುತ್ತಾ ಹೋದಂತೆ ಪಾದರಸವೂ ಮೇಲೇರುತ್ತಾ ಹೋಗುತ್ತದೆ. ಭಟ್ಕಳದ ಮೀನುಪೇಟೆಯಲ್ಲಿ ಬಂಗಡೆ, ತಾರ್ಲೆಗಳನ್ನು ಕೊಳ್ಳುವ ತಾಯಂದಿರಿಗೆ ಈ ಕಾರಣದಿಂದ ಚಿಂತೆ ಕಡಿಮೆ. ಅವು ಪಾಚಿ, ಪ್ಲವಕ ತಿಂದು ಬೇಗ ಬೆಳೆಯುವ ಸಣ್ಣ ಮೀನುಗಳು. ಸೊರದಂಥ ದೊಡ್ಡ ಬೇಟೆಗಾರ ಮೀನನ್ನು ಬಸುರಿಯರು, ಪುಟ್ಟ ಮಕ್ಕಳು ಪದೇ ಪದೇ ತಿನ್ನದಿರುವುದು ಒಳ್ಳೆಯದೆನ್ನುವ ಮಾತು ಈ ಲೆಕ್ಕದಿಂದ ಬಂದದ್ದು.

ಇನ್ನು ತಂದೆತಾಯಿಗಳು ಎಲ್ಲಕ್ಕಿಂತ ಹೆಚ್ಚಾಗಿ ಅಂಜಬೇಕಾದ ಸೀಸ. ಮಕ್ಕಳ ಮೆದುಳಿಗೆ ಕೇಡು ಮಾಡುವ ಈ ಲೋಹ ನ್ಯೂಟ್ರಾನ್ ವಿಧಾನಕ್ಕೆ ಹೆಚ್ಚುಕಡಿಮೆ ಅಗೋಚರ. ಸೀಸ ನ್ಯೂಟ್ರಾನನ್ನು ಬಹಳ ಕಡಿಮೆ ಹೀರುತ್ತದೆ, ಹೀರಿದರೂ ಎಣಿಸಲು ಅನುಕೂಲವಾದ ಗಾಮಾ ಕಿರಣವನ್ನು ಕೊಡುವುದಿಲ್ಲ. ಅದಕ್ಕೆ ಪರಮಾಣು ಹೀರಿಕೆಯ ರೋಹಿತಮಾಪಕವನ್ನೋ ದ್ರವ್ಯರಾಶಿ ರೋಹಿತಮಾಪಕವನ್ನೋ ಆಶ್ರಯಿಸಬೇಕು. ಮೂವತ್ತು ಧಾತುಗಳ ಪಟ್ಟಿಯಲ್ಲಿ ಸೀಸದ ಹೆಸರಿಲ್ಲವೆಂದ ಮಾತ್ರಕ್ಕೆ ಮಾದರಿಯಲ್ಲಿ ಸೀಸವಿಲ್ಲ ಎಂದುಕೊಳ್ಳುವಂತಿಲ್ಲ.

ಸಂಖ್ಯೆಯೊಂದನ್ನೇ ನಂಬಿ ಕಥೆ ಕಟ್ಟಿದ ಪ್ರಸಿದ್ಧ ನಿದರ್ಶನ ನೆಪೋಲಿಯನ್ನನದು. 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಸತ್ತ ಅವನ ಕೂದಲನ್ನು 1961ರ ಸುಮಾರಿಗೆ ಬ್ರಿಟನ್ನಿನಲ್ಲಿ ನ್ಯೂಟ್ರಾನ್ ವಿಧಾನದಿಂದ ಪರೀಕ್ಷಿಸಿದಾಗ ಆರ್ಸೆನಿಕ್ ವಿಪರೀತವಾಗಿ ಕಂಡಿತು. ವಿಷವಿಕ್ಕಿ ಕೊಂದರೆಂಬ ಸುದ್ದಿ ಲೋಕವನ್ನೆಲ್ಲ ಸುತ್ತಿತು. 2008ರಲ್ಲಿ ಇಟಲಿಯ ವಿಜ್ಞಾನಿಗಳು ಅದೇ ವಿಧಾನದಿಂದ ಅವನ ಬಾಲ್ಯದ ಕೂದಲನ್ನೂ, ಅವನ ಮಗ ಹಾಗೂ ಪತ್ನಿ ಜೋಸೆಫಿನ್ನಳ ಕೂದಲನ್ನೂ ಅಳೆದರು. ಎಲ್ಲದರಲ್ಲೂ ಆರ್ಸೆನಿಕ್ ಇಂದಿನವರ ಕೂದಲಿಗಿಂತ ನೂರು ಪಟ್ಟಿನಷ್ಟಿತ್ತು! ಆ ಕಾಲದ ಬಣ್ಣ, ಔಷಧಿಗಳಲ್ಲೆಲ್ಲ ಆರ್ಸೆನಿಕ್ ಬಳಕೆಯಿತ್ತು. 1961ರ ಅಳತೆ ಸುಳ್ಳಾಗಿರಲಿಲ್ಲ. ಹೋಲಿಸಲು ಆ ಕಾಲದವರದೇ ಕೂದಲು ಬೇಕಿತ್ತು, ಅಷ್ಟೆ.

ಉತ್ತರ ಕನ್ನಡದ ಓದುಗರ ಮನಸ್ಸಿನಲ್ಲಿ ಇಷ್ಟು ಹೊತ್ತಿಗೆ ಕೈಗಾದ ಹೆಸರು ಸುಳಿದಿರಲೂಬಹುದು. ಕಾರವಾರ ತಾಲ್ಲೂಕಿನ ಆ ವಿದ್ಯುತ್ ಸ್ಥಾವರದ ಪರಿಸರ ಸಮೀಕ್ಷಾ ಪ್ರಯೋಗಾಲಯದಲ್ಲೂ ಸುತ್ತಲಿನ ನೀರು, ಮೀನು, ಹಾಲು, ಧಾನ್ಯಗಳನ್ನು ಗಾಮಾ ಎಣಿಕೆಗೆ ಒಡ್ಡುತ್ತಾರೆ. ಆದರೆ ಉದ್ದೇಶ ಬೇರೆ. ಅಲ್ಲಿ ಮಾದರಿಯಲ್ಲಿ ಈಗಾಗಲೇ ವಿಕಿರಣ ಇದೆಯೇ ಎಂದು ನೋಡುತ್ತಾರೆ. ನ್ಯೂಟ್ರಾನ್ ವಿಧಾನದಲ್ಲಿ ವಿಕಿರಣವಿಲ್ಲದ ಮಾದರಿಗೆ ಬೇಕೆಂದೇ ವಿಕಿರಣ ಹುಟ್ಟಿಸುತ್ತಾರೆ. ಹಾಗೆ ಹುಟ್ಟಿಸಿದ ಆ ಚಿಟಿಕೆ ಪುಡಿ ಪ್ರಯೋಗಾಲಯ ಬಿಟ್ಟು ಹೊರಬರುವುದಿಲ್ಲ. ಅಳಿವೆಯಲ್ಲಿ ಉಳಿದ ಚಿಪ್ಪಿಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಸಾಣಿಕಟ್ಟೆಯ ಲೆಕ್ಕ

ಚಿಪ್ಪಿಕಲ್ಲಿನಲ್ಲಿರುವ ಉಪ್ಪೇ ಇಷ್ಟು ಗದ್ದಲ ಮಾಡಿದ ಮೇಲೆ, ಉಪ್ಪನ್ನೇ ಪರೀಕ್ಷಿಸಬೇಕಾದರೆ? ಅಘನಾಶಿನಿಯ ಬಲದಂಡೆಯಲ್ಲಿ, ಗೋಕರ್ಣಕ್ಕೆ ಹತ್ತಿರ, ಹೆಸರಾಂತ ಸಾಣಿಕಟ್ಟೆಯ ಉಪ್ಪಿನಾಗರವಿದೆ. ಕಡಲಿನ ಉಪ್ಪಾದ್ದರಿಂದ ಅಯೋಡಿನ್ ತಾನಾಗಿಯೇ ಇರುತ್ತದೆ ಎಂಬ ನಂಬಿಕೆ ಕರಾವಳಿಯ ಎಷ್ಟೋ ಮನೆಗಳಲ್ಲಿದೆ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣ, 0.06 ಮಿಲಿಗ್ರಾಂ ಅಯೋಡಿನ್. ನೀರೆಲ್ಲ ಆರಿ, ಅಯೋಡಿನ್ ಒಂದಿಷ್ಟೂ ನಷ್ಟವಾಗದೆ ಲವಣದಲ್ಲೇ ಉಳಿದರೂ ಒಂದು ಕಿಲೋಗೆ 1.7 ಮಿಲಿಗ್ರಾಂ, ಅಂದರೆ 1.7 ಪಿಪಿಎಂ ಆಯಿತು. ಮನೆಗೆ ಬರುವ ಅಯೋಡಿನ್‌ಯುಕ್ತ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಇರಬೇಕೆಂಬುದು ನಿಯಮ. ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವವರಿಗೆ ಅದರಿಂದ 150 ಮೈಕ್ರೋಗ್ರಾಂ ಸಿಗುತ್ತದೆ. ವಯಸ್ಕರ ದೈನಿಕ ಅಗತ್ಯ ಅಷ್ಟೇ. ಅಯೋಡಿನ್ ಬೆರೆಸದ ಉಪ್ಪನ್ನು ನೇರ ಆಹಾರಕ್ಕಾಗಿ ಮಾರುವುದನ್ನು 2006ರ ಮೇ ತಿಂಗಳಿನಿಂದ ದೇಶಾದ್ಯಂತ ನಿಷೇಧಿಸಲಾಗಿರುವುದು ಇದಕ್ಕಾಗಿಯೇ. ಕಡಲ ಮೀನು ತಿನ್ನುವ ಮನೆಗೆ ಅಯೋಡಿನ್ ಬೇರೆ ದಾರಿಯಿಂದಲೂ ಬರುತ್ತದೆ. ಸಸ್ಯಾಹಾರಿಗಳ ಮನೆಗೆ ಆ ದಾರಿಯಿಲ್ಲ.

ಹಾಲು, ಮೂತ್ರ, ಆಹಾರಗಳಲ್ಲಿನ ಅಯೋಡಿನ್ನನ್ನು ಅಳೆಯಲು ನ್ಯೂಟ್ರಾನ್ ವಿಧಾನವನ್ನು ಬಳಸುವುದುಂಟು. ಮಾದರಿಗೆ ಕ್ಯಾಡ್ಮಿಯಂ ತಗಡಿನ ಹೊದಿಕೆ ಹಾಕಿದರೆ ನಿಧಾನಗತಿಯ ನ್ಯೂಟ್ರಾನುಗಳು ಹೊರಗೇ ತಡೆಯಲ್ಪಟ್ಟು, ಸೋಡಿಯಂ, ಕ್ಲೋರಿನ್ನುಗಳ ಅಬ್ಬರ ತಗ್ಗುತ್ತದೆ. ಅವಕ್ಕಿಂತ ಕೊಂಚ ಹೆಚ್ಚು ವೇಗದ ನ್ಯೂಟ್ರಾನುಗಳನ್ನು ಚೆನ್ನಾಗಿ ಹೀರುವ ಅಯೋಡಿನ್ ಎದ್ದು ಕಾಣುತ್ತದೆ. ಅಯೋಡಿನ್-128ರ ಅರ್ಧಾಯು 25 ನಿಮಿಷ, ಕೈ ಚುರುಕಾಗಿರಬೇಕು. ಆದರೆ ಅಡುಗೆ ಉಪ್ಪೆಂದರೆ ಸೋಡಿಯಂ, ಕ್ಲೋರಿನ್ನುಗಳೇ ತಾನೆ! ಅದಕ್ಕೆ ಪರಮಾಣು ಸ್ಥಾವರವನ್ನು ಹುಡುಕಿ ಹೋಗುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಪದವಿಪೂರ್ವ ಕಾಲೇಜಿನ ಬ್ಯೂರೆಟ್ಟೇ ಸಾಕು.

ಉಪನ್ಯಾಸಕರ ಸಮ್ಮುಖದಲ್ಲಿ ಇದನ್ನು ಮಾಡಿ ನೋಡಬಹುದು. 10 ಗ್ರಾಂ ಉಪ್ಪನ್ನು 50 ಮಿಲಿಲೀಟರ್ ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿ, ಸ್ವಲ್ಪ ದುರ್ಬಲ ಗಂಧಕಾಮ್ಲ, ಬಳಿಕ ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ಸೇರಿಸಿ ಹತ್ತು ನಿಮಿಷ ಕತ್ತಲಲ್ಲಿಡಬೇಕು. ಉಪ್ಪಿಗೆ ಬೆರೆಸಿದ ಅಯೊಡೇಟ್ ಅಯೋಡಿನ್ನಾಗಿ ಹೊರಬಂದು ದ್ರಾವಣ ಹಳದಿಯಾಗುತ್ತದೆ. ಬ್ಯೂರೆಟ್ಟಿನಿಂದ 0.005 ನಾರ್ಮಲ್ ಸೋಡಿಯಂ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತಾ, ಹಳದಿ ತೆಳುವಾದಾಗ ಗಂಜಿಯ ತಿಳಿ ಹಾಕಿದರೆ ದ್ರಾವಣ ಕಡುನೀಲಿ. ನೀಲಿ ಪೂರ್ತಿ ಮಾಯವಾಗುವವರೆಗೆ ಮುಂದುವರಿಸಬೇಕು. ಖರ್ಚಾದ ಪ್ರತಿ ಮಿಲಿಲೀಟರಿಗೆ 10.58 ಪಿಪಿಎಂ ಎಂದು ಲೆಕ್ಕ. 1.4 ಮಿಲಿಲೀಟರ್ ಮುಟ್ಟುವ ಮೊದಲೇ ನೀಲಿ ಅಳಿಸಿಹೋದರೆ ಆ ಉಪ್ಪಿನಲ್ಲಿ 15 ಪಿಪಿಎಂ ಇಲ್ಲ.